ಬೆಂಗಳೂರಿನ ಸುಲ್ತಾನ, ಕಂಪ್ಯೂಟರಿನ ಹುಡುಗ

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ಬಳ್ಳಾರಿಯ ಪಾರ್ವತಿನಗರದಲ್ಲಿದ್ದ ತಂಗಿಯ ಮನೆಗೆ ಹೋಗಿದ್ದೆ. ಬಳ್ಳಾರಿಯ ಬಿಸಿಲನ್ನು ಕಂಡವರಿಗೆ ಬೇರೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ಬೀದಿಯಲ್ಲಿ ನಾಯಿಯೂ ಸುಳಿಯುವುದಿಲ್ಲ. ಮಕ್ಕಳೆಲ್ಲ ಕಿಟಕಿ ಮುಚ್ಚಿದ ನಡುಮನೆಯಲ್ಲಿ, ಫ್ಯಾನಿನ ಕೆಳಗೆ, ಟಿ.ವಿ.ಯ ಮುಂದೆ ಕುಳಿತಿದ್ದರು. ಕೇಬಲ್ಲಿನ ಕರಿ ತಂತಿ ಮಾಳಿಗೆಯಿಂದ ಮಾಳಿಗೆಗೆ ಹಾದು ಆಗಲೇ ಕೆಲವು ವರ್ಷಗಳಾಗಿದ್ದವು. ದಿನವಿಡೀ ವ್ಯಂಗ್ಯಚಿತ್ರಗಳನ್ನೇ ತೋರಿಸುವ ಕಾರ್ಟೂನ್ ನೆಟ್‌ವರ್ಕ್ ವಾಹಿನಿ ಭಾರತಕ್ಕೆ ಬಂದದ್ದು 1995ರಲ್ಲಿ. ಅದರ ಇಂಗ್ಲಿಷು ಆ ಮಕ್ಕಳಿಗೆ ಅರ್ಧಂಬರ್ಧ ತಿಳಿಯುತ್ತಿತ್ತು. ಉಳಿದರ್ಧವನ್ನು ಚಿತ್ರವೇ ಹೇಳುತ್ತಿತ್ತು.

ಆ ದಿನ ಪರದೆಯ ಮೇಲೆ ರುಮಾಲು ಸುತ್ತಿದ ಕಂದು ಬಣ್ಣದ ಹುಡುಗನೊಬ್ಬ ಕಂಪ್ಯೂಟರಿನ ಮುಂದೆ ಕುಳಿತು ಟಕಟಕನೆ ಕೀಲಿಗಳನ್ನು ಒತ್ತುತ್ತಿದ್ದ. ಅವನ ಸುತ್ತ ಬಿಳಿಯ ಹುಡುಗ, ಕೆಂಗೂದಲಿನ ಹುಡುಗಿ, ಒಂದು ಪುಟ್ಟ ನಾಯಿ. ತಂಗಿಯ ಮಗ ನನ್ನ ಕಡೆ ತಿರುಗಿ ಕೇಳಿದ: "ಮಾಮಾ, ಇವ ನಮ್ಮ ಬೆಂಗಳೂರಿನವ ಅಂತ. ಬೆಂಗಳೂರಾಗ ಸುಲ್ತಾನರು ಇದ್ರೇನು?"

ಆಗ ನಕ್ಕು ಸುಮ್ಮನಾದೆ. ಉತ್ತರ ಗೊತ್ತಿರಲಿಲ್ಲ ಎಂಬುದೇ ನಿಜ. ಆದರೆ ಆ ಪ್ರಶ್ನೆಯ ಹಿಂದೆ ಹೋದರೆ ಅದು ಬೆಂಗಳೂರಿಗಷ್ಟೇ ನಿಲ್ಲುವುದಿಲ್ಲ. ಕಾರಾಪುರದ ಆನೆಲಾಯಕ್ಕೆ, ಅಮೆರಿಕದ ವಲಸೆ ಕಾನೂನಿಗೆ, ಕೊನೆಗೆ ಮತ್ತೆ ಬಳ್ಳಾರಿಗೇ ಕರೆತರುತ್ತದೆ. ಪರರು ಬರೆದ ಚಿತ್ರದಲ್ಲಿ ನಮ್ಮ ಹುಡುಗ ಹೇಗೆ ಕಾಣಿಸಿಕೊಂಡ, ಅವನ ಕೈಯಲ್ಲಿದ್ದ ವಸ್ತು ಕಾಲಕಾಲಕ್ಕೆ ಏಕೆ ಬದಲಾಯಿತು ಎಂಬ ಕಥೆ ಅದು.

ಯಾರು ಈ ಹಾಜಿ?

ಹುಡುಗನ ಹೆಸರು ಹಾಜಿ ಸಿಂಗ್. ಸರಣಿಯ ಹೆಸರು 'ದಿ ರಿಯಲ್ ಅಡ್ವೆಂಚರ್ಸ್ ಆಫ್ ಜಾನಿ ಕ್ವೆಸ್ಟ್'. ಅಮೆರಿಕದ ಹ್ಯಾನ್ನಾ-ಬಾರ್ಬೆರಾ ಸಂಸ್ಥೆಯ ಈ ಸರಣಿ 1996ರ ಆಗಸ್ಟ್ 26ರಂದು ಆರಂಭವಾಗಿ ಮರುವರ್ಷದ ಏಪ್ರಿಲ್‌ವರೆಗೆ 52 ಕಂತುಗಳಲ್ಲಿ ಪ್ರಸಾರವಾಯಿತು. ಡಾ. ಬೆಂಟನ್ ಕ್ವೆಸ್ಟ್ ಎಂಬ ವಿಜ್ಞಾನಿ, ಅವನ ಮಗ ಜಾನಿ, ಅಂಗರಕ್ಷಕ ರೇಸ್ ಬ್ಯಾನನ್, ಅವನ ಮಗಳು ಜೆಸ್ಸಿ, ವಿಜ್ಞಾನಿಯ ದತ್ತುಪುತ್ರ ಹಾಜಿ, ಬ್ಯಾಂಡಿಟ್ ಎಂಬ ನಾಯಿ. ಈ ಪರಿವಾರ ಜಗತ್ತನ್ನೆಲ್ಲ ಸುತ್ತಿ ದುಷ್ಟರನ್ನು ಎದುರಿಸುತ್ತದೆ. 'ಕ್ವೆಸ್ಟ್‌ವರ್ಲ್ಡ್' ಎಂಬ ಕಂಪ್ಯೂಟರ್ ಲೋಕವೊಂದು ಕಥೆಯಲ್ಲಿದೆ. ಅದರೊಳಗೆ ಹೋದಾಗ ಕೈಯಿಂದ ಬರೆದ ಚಿತ್ರಗಳ ಬದಲು ಕಂಪ್ಯೂಟರಿನಲ್ಲಿ ರಚಿಸಿದ ಚಿತ್ರಗಳು ಬರುತ್ತವೆ. ಆ ಲೋಕದಲ್ಲಿ ದಾರಿ ತಪ್ಪದೆ ಓಡಾಡಬಲ್ಲವರಲ್ಲಿ ಹಾಜಿ ಮುಖ್ಯ. ಹದಿಹರೆಯದ ಈ ಹುಡುಗ ಕಂಪ್ಯೂಟರಿನಲ್ಲಿ ಪಳಗಿದವನು, ಯೋಗ ಬಲ್ಲವನು, ಸಾವಧಾನಿ. ಜಾನಿ ಮುನ್ನುಗ್ಗಿ ಸಿಕ್ಕಿಬೀಳುವವನು. ಹಾಜಿ ಯೋಚಿಸಿ ಬಿಡಿಸುವವನು.

ಇಷ್ಟೇ ಆಗಿದ್ದರೆ ಬೆಂಗಳೂರಿನ ಮಾತು ಬರುತ್ತಿರಲಿಲ್ಲ. ಕಲ್ಕತ್ತೆಯ ಬೀದಿಯಲ್ಲಿ ಅನಾಥನಾಗಿ ಬೆಳೆದ ಈ ಹಾಜಿ ವಾಸ್ತವವಾಗಿ ಬೆಂಗಳೂರಿನ ಸುಲ್ತಾನನ ಮಗ, ಸಿಂಹಾಸನದ ಹಕ್ಕುದಾರ ಎಂದು ಸರಣಿ ಹೇಳುತ್ತದೆ. ಒಂದು ಕಂತಿನ ಹೆಸರೇ 'ದಿ ಬೆಂಗಳೂರ್ ಫಾಲ್ಕನ್'. ನನ್ನ ಸೋದರಳಿಯ ಕೇಳಿದ್ದು ಈ ಸುಲ್ತಾನನ ಬಗ್ಗೆ.

ಇಲ್ಲದ ಸಿಂಹಾಸನ

ಉತ್ತರ ಸರಳ. ಬೆಂಗಳೂರಿಗೆಂದೇ ಒಬ್ಬ ಸುಲ್ತಾನ ಇರಲಿಲ್ಲ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟಿ ಪೇಟೆ ನಿಲ್ಲಿಸಿದರು. 1638ರಲ್ಲಿ ಬಿಜಾಪುರದ ಸೇನೆ ಅದನ್ನು ಗೆದ್ದು, ಊರು ಶಹಾಜಿ ಭೋಸಲೆಯ ಜಹಗೀರಾಯಿತು. 1687ರಲ್ಲಿ ಮೊಗಲರು ಹಿಡಿದರು. ಅವರಿಂದ ಅದು ಮೈಸೂರಿನ ಚಿಕ್ಕದೇವರಾಜ ಒಡೆಯರ ಕೈಗೆ ಬಂತು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಹೈದರ್ ಅಲಿಗೆ ಜಹಗೀರಾಗಿ ಸಿಕ್ಕಿತು. ಅವನ ಮಗ ಟಿಪ್ಪು ಸುಲ್ತಾನನೇನೋ ಹೌದು, ಬೆಂಗಳೂರಿನಲ್ಲಿ ಅವನ ಬೇಸಿಗೆ ಅರಮನೆಯೂ ಇದೆ. ಆದರೆ ಅವನ ರಾಜಧಾನಿ ಶ್ರೀರಂಗಪಟ್ಟಣ. 1791ರಲ್ಲಿ ಕಾರ್ನ್‌ವಾಲಿಸ್ ಕೋಟೆಯನ್ನು ಹಿಡಿದ. 1809ರಲ್ಲಿ ಬ್ರಿಟಿಷರ ದಂಡು ಬಂದು ನೆಲೆಸಿತು. ಇಷ್ಟು ಕೈ ಬದಲಾದ ಊರು ಯಾವ ಒಂದು ವಂಶದ ಸಿಂಹಾಸನವಾಗಿಯೂ ಬಹುಕಾಲ ಉಳಿಯಲಿಲ್ಲ. ಕೋಟೆಯ ಜೊತೆಗೆ ಪೇಟೆ, ದಂಡು, ಕಾರ್ಖಾನೆ ಇವುಗಳೇ ಅದನ್ನು ಬೆಳೆಸಿದವು.

ಹುಡುಗನ ಹೆಸರೂ ಹೀಗೆಯೇ ಕಲಸುಮೇಲೋಗರ. ಹಾಜಿ ಎಂದರೆ ಮಕ್ಕಾ ಯಾತ್ರೆ ಮುಗಿಸಿ ಬಂದವರಿಗೆ ಸಲ್ಲುವ ಗೌರವದ ಮಾತು. ಸಿಂಗ್ ಎಂಬುದು ಸಿಖ್ಖರಲ್ಲಿ, ರಜಪೂತರಲ್ಲಿ ರೂಢಿಯಲ್ಲಿರುವ ಹೆಸರು. ರುಮಾಲಿನ ನಡುವೆ ರತ್ನ. ಮಾಡುವುದು ಯೋಗ. ಮಂತ್ರ ಹಾಕುವಾಗ ಹೇಳುವುದು 'ಸಿಮ್ ಸಿಮ್ ಸಲಬಿಮ್'. ಈ ಮಾತು ಸಂಸ್ಕೃತವಲ್ಲ, ಅರಬ್ಬಿಯಲ್ಲ, ಬಂಗಾಳಿಯೂ ಅಲ್ಲ. ಡಾಂಟೆ ಎಂಬ ಹೆಸರಿನಲ್ಲಿ ಪ್ರದರ್ಶನ ನೀಡುತ್ತಿದ್ದ ಡೆನ್ಮಾರ್ಕ್ ಮೂಲದ ಜಾದೂಗಾರನೊಬ್ಬ 'ಸಿಮ್ ಸಲ ಬಿಮ್' ಎಂಬುದನ್ನು ಯುರೋಪು, ಅಮೆರಿಕಗಳ ರಂಗದ ಮೇಲೆ ಪ್ರಸಿದ್ಧಗೊಳಿಸಿದ್ದ. ಅದೇ ಮಾತು ತಿರುಗಿ ನಮ್ಮ ಹುಡುಗನ ಬಾಯಲ್ಲಿ ಭಾರತದ ಮಂತ್ರವಾಯಿತು.

ಮಕ್ಕಳ ಕಾರ್ಟೂನಿನಲ್ಲಿ ಇತಿಹಾಸ ಹುಡುಕುವುದು ಮೊಸರಿನಲ್ಲಿ ಕಲ್ಲು ಹುಡುಕಿದಂತೆ ಎಂದು ಓದುಗರು ಆಕ್ಷೇಪಿಸಬಹುದು. ತಪ್ಪು ಎಣಿಸುವುದು ನನ್ನ ಉದ್ದೇಶವಲ್ಲ. 1996ರ ಹಾಜಿಯ ಕೈಯಲ್ಲಿ ಕಂಪ್ಯೂಟರು ಇತ್ತು. ಅದಕ್ಕೆ 32 ವರ್ಷ ಮುಂಚಿನ ಹಾಜಿಯ ಕೈಯಲ್ಲಿ ಅದು ಇರಲಿಲ್ಲ. ಗಮನಿಸಬೇಕಾದದ್ದು ಇದು.

ಕಲ್ಕತ್ತೆಯ ಬೀದಿಯಿಂದ

ಮೂಲ 'ಜಾನಿ ಕ್ವೆಸ್ಟ್' ಸರಣಿಯನ್ನು ರೂಪಿಸಿದವನು ಡಗ್ ವೈಲ್ಡಿ ಎಂಬ ಕಾಮಿಕ್ಸ್ ಕಲಾವಿದ. 1964ರ ಸೆಪ್ಟೆಂಬರ್ 18ರಿಂದ ಎಬಿಸಿ ಜಾಲದಲ್ಲಿ ಅದು ರಾತ್ರಿಯ ಮುಖ್ಯ ಹೊತ್ತಿನಲ್ಲಿ ಬಂತು. ಕೇವಲ 26 ಕಂತು. ಆದರೆ ಮರುಪ್ರಸಾರಗಳು ದಶಕಗಟ್ಟಲೆ ನಡೆದು ಹಲವು ತಲೆಮಾರಿನ ಮಕ್ಕಳು ಅದನ್ನು ನೋಡಿದರು. ಹಾಜಿ ಆ ಪರಿವಾರಕ್ಕೆ ಸೇರಿದ್ದು ಹೇಗೆಂಬುದನ್ನು 'ಕಲ್ಕತ್ತಾ ಅಡ್ವೆಂಚರ್' ಎಂಬ ಕಂತು ಹೇಳುತ್ತದೆ. ವಿಜ್ಞಾನಿಯ ಪ್ರಾಣ ಉಳಿಸಿದ ಬೀದಿಯ ಹುಡುಗನನ್ನು ಅವನು ಮನೆಗೆ ಕರೆದೊಯ್ದು ಮಗನಂತೆ ಸಾಕುತ್ತಾನೆ. ಆ ಹಾಜಿ ಬಲ್ಲದ್ದು ಮಂತ್ರ, ಕೈಚಳಕ, ಹಾವಿನ ಆಟ ಮತ್ತು ಅಮೆರಿಕದ ಸೈನಿಕನೊಬ್ಬನಿಂದ ಕಲಿತ ಜೂಡೊ.

ಆ ಕಾಲಕ್ಕೆ ಅದು ಸಣ್ಣ ಸಂಗತಿಯಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದಲ್ಲಿ ಕರಿಯರಿಗೆ ಸಮಾನ ಹಕ್ಕು ನೀಡುವ ನಾಗರಿಕ ಹಕ್ಕುಗಳ ಕಾಯಿದೆ ಅಂಗೀಕಾರವಾದದ್ದು ಅದೇ 1964ರ ಜುಲೈಯಲ್ಲಿ. ಆ ವರ್ಷವೇ ಕಂದು ಚರ್ಮದ ಹುಡುಗನೊಬ್ಬ ಬಿಳಿಯ ಹುಡುಗನ ಜೊತೆ ಒಂದೇ ಮನೆಯಲ್ಲಿ, ಒಂದೇ ಮೇಜಿನಲ್ಲಿ ಉಂಡು ಬೆಳೆಯುವುದನ್ನು ಅಮೆರಿಕದ ಮಕ್ಕಳು ನೋಡಿದರು. ಜಾನಿ ಅವನನ್ನು ಆಳಿನಂತೆ ನಡೆಸಿಕೊಳ್ಳಲಿಲ್ಲ, ಅಣ್ಣ ತಮ್ಮಂದಿರಂತೆ ಇದ್ದರು.

ಇದರ ಇನ್ನೊಂದು ಮುಖವೂ ಇದೆ. ಕಾರ್ಟೂನಿನಲ್ಲಿ ಭಾರತದ ಹುಡುಗನೊಬ್ಬ ಒಂದೇ ಕಂತಿನಲ್ಲಿ ಅಮೆರಿಕ ಸೇರಿದ. ನಿಜ ಜೀವನದಲ್ಲಿ ಆ ಬಾಗಿಲು ಎಷ್ಟು ತೆರೆದಿತ್ತು? 1946ರ ಲೂಸ್-ಸೆಲ್ಲರ್ ಕಾಯಿದೆಯ ಪ್ರಕಾರ ಇಡೀ ಭಾರತಕ್ಕೆ ಇದ್ದ ವಲಸೆಯ ಪಾಲು ವರ್ಷಕ್ಕೆ 100 ಜನ! ಬೀದಿಯ ಅನಾಥ ಹಾಗಿರಲಿ, ಪದವಿ ಪಡೆದ ಎಂಜಿನಿಯರನಿಗೂ ಸರತಿ ಸಿಗುವುದು ಕಷ್ಟವಿತ್ತು. ಪರದೆಯ ಮೇಲೆ ಸಿಕ್ಕಿದ ಆದರ ಬಂದರಿನಲ್ಲಿ ಸಿಗುತ್ತಿರಲಿಲ್ಲ.

ಕಾರಾಪುರದ ಸಾಬು

ಹಾಜಿಗಿಂತ ಮುಂಚೆಯೇ ಪಶ್ಚಿಮದ ಪರದೆಯ ಮೇಲೆ ಭಾರತದ ಹುಡುಗ ಎಂದರೆ ಥಟ್ಟನೆ ನೆನಪಾಗುತ್ತಿದ್ದ ಒಂದು ಮುಖವಿತ್ತು. ಆ ಮುಖ ನಮ್ಮ ನಾಡಿನದೇ. ಮೈಸೂರು ಸಂಸ್ಥಾನದ ಕಾರಾಪುರದಲ್ಲಿ, ಕಬಿನಿ ಕಾಡಿನ ಅಂಚಿನಲ್ಲಿ, 1924ರ ಜನವರಿ 27ರಂದು ಮಾವುತನೊಬ್ಬನ ಮಗನಾಗಿ ಸಾಬು ಹುಟ್ಟಿದ. ತಂದೆ ತೀರಿಕೊಂಡ ಮೇಲೆ ಮಹಾರಾಜರ ಆನೆಲಾಯವೇ ಅವನಿಗೆ ಆಸರೆ. ಕಿಪ್ಲಿಂಗನ 'ಜಂಗಲ್ ಬುಕ್'ನಲ್ಲಿ ಬರುವ ಆನೆಗಳ ತೂಮಾಯಿಯ ಕಥೆಯನ್ನು ಚಿತ್ರ ಮಾಡಲೆಂದು ರಾಬರ್ಟ್ ಫ್ಲಾಹರ್ಟಿಯ ತಂಡ ಮೈಸೂರಿಗೆ ಬಂತು. ಆನೆಯ ಜೊತೆ ಅಳುಕಿಲ್ಲದೆ ಇರಬಲ್ಲ ಹುಡುಗ ಬೇಕಾಗಿದ್ದ. ಸಾಬು ಸಿಕ್ಕಿದ. 'ಎಲಿಫೆಂಟ್ ಬಾಯ್' 1937ರಲ್ಲಿ ತೆರೆಗೆ ಬಂದಾಗ ಅವನಿಗೆ ಹದಿಮೂರು ವರ್ಷ. ಆ ಹೊತ್ತಿಗೆ ಅವನನ್ನು ಅಣ್ಣನೊಡನೆ ಇಂಗ್ಲೆಂಡಿಗೆ ಕರೆದೊಯ್ದಾಗಿತ್ತು.

ಮುಂದಿನದು ಹಾಲಿವುಡ್. 1940ರ 'ದಿ ಥೀಫ್ ಆಫ್ ಬಾಗ್ದಾದ್'ನಲ್ಲಿ ಬಾಗ್ದಾದಿನ ಕಳ್ಳ, 1942ರ 'ಜಂಗಲ್ ಬುಕ್'ನಲ್ಲಿ ಮೌಗ್ಲಿ. ಕಾರಾಪುರದ ಹುಡುಗ ಒಮ್ಮೆ ಅರಬನಾದ, ಒಮ್ಮೆ ಕಾಡುಮಗುವಾದ. ಅವನು ಎಲ್ಲಿಯವನೆಂಬುದು ನಿರ್ಮಾಪಕರಿಗೆ ಮುಖ್ಯವಾಗಿರಲಿಲ್ಲ, 'ಪೂರ್ವದವನು' ಎಂಬಷ್ಟೇ ಸಾಕಿತ್ತು. ಹಾಜಿ ಸಿಂಗ್ ಎಂಬ ಹೆಸರಿನಲ್ಲಿ ಕಾಣುವ ಕಲಸುಮೇಲೋಗರದ ಬೀಜ ಇಲ್ಲೇ ಇದೆ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಜಪಾನೀ ಕಾರ್ಟೂನಿನ ಮೌಗ್ಲಿಯನ್ನು ಹಿಂದಿಯಲ್ಲಿ ನೋಡಿ ಕುಣಿದ ನಮ್ಮ ಮಕ್ಕಳಿಗೆ, ಐವತ್ತು ವರ್ಷ ಹಿಂದೆ ಆ ವೇಷ ಹಾಕಿದ್ದವನು ಹೆಗ್ಗಡದೇವನಕೋಟೆ ಕಡೆಯ ಹುಡುಗ ಎಂದು ಯಾರೂ ಹೇಳಲಿಲ್ಲ.

ಸಾಬು ಬದುಕು ಮಾತ್ರ ಅವನ ಪಾತ್ರಗಳಿಗಿಂತ ದೊಡ್ಡದು. 1944ರಲ್ಲಿ ಅಮೆರಿಕದ ಪ್ರಜೆಯಾದ. ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಹಿಂಬದಿಯ ಬಂದೂಕುಗಾರನಾಗಿ ಹಾರಾಡಿ, ಶೌರ್ಯಕ್ಕಾಗಿ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಪದಕ ಪಡೆದ. ಯಂತ್ರವನ್ನು ಅರಿತು ನಡೆಸಬಲ್ಲೆನೆಂದು ಆಕಾಶದಲ್ಲಿ ತೋರಿಸಿಕೊಟ್ಟ. ಆದರೂ ಯುದ್ಧದಿಂದ ಮರಳಿದ ಮೇಲೆ ಅವನಿಗಾಗಿ ಕಾದಿದ್ದವು ಬಹುಮಟ್ಟಿಗೆ ಹಳೆಯ ಕಾಡು, ಆನೆ, ರುಮಾಲಿನ ಪಾತ್ರಗಳೇ. 1963ರ ಡಿಸೆಂಬರ್ 2ರಂದು ಹೃದಯಾಘಾತದಿಂದ ತೀರಿಕೊಂಡಾಗ ಅವನಿಗೆ ಇನ್ನೂ 39. ಅವನು ಸತ್ತ ಮರುವರ್ಷವೇ ಹಾಜಿ ಪರದೆಗೆ ಬಂದ.

ಕಾನೂನು ಬದಲಾದಾಗ ಚಿತ್ರವೂ ಬದಲಾಯಿತು

ಈಗ 1964 ಮತ್ತು 1996ರ ನಡುವಿನ ಅಂತರಕ್ಕೆ ಬರೋಣ. ಹಾವಿನ ಬುಟ್ಟಿಯ ಜಾಗಕ್ಕೆ ಕಂಪ್ಯೂಟರು ಬಂದದ್ದು ಹೇಗೆ? ಚಿತ್ರ ಬರೆಯುವವರ ಮನಸ್ಸು ತಾನಾಗಿ ವಿಶಾಲವಾಯಿತೆಂದು ನಂಬುವುದು ಕಷ್ಟ. ಎರಡು ಕಡೆ ಎರಡು ಕೆಲಸ ನಡೆದಿತ್ತು.

ಒಂದು ಅಮೆರಿಕದಲ್ಲಿ. 1965ರ ಅಕ್ಟೋಬರಿನಲ್ಲಿ ಅಲ್ಲಿನ ವಲಸೆ ಕಾಯಿದೆ ಬದಲಾಯಿತು. ದೇಶವಾರು ಹಳೆಯ ಪಾಲು ಹೋಗಿ, ಹತ್ತಿರದ ಬಂಧುಗಳಿಗೂ ಕುಶಲ ವೃತ್ತಿಯವರಿಗೂ ಆದ್ಯತೆ ಬಂತು. ಡಾಕ್ಟರು, ಎಂಜಿನಿಯರು, ವಿಜ್ಞಾನಿಗಳು ಭಾರತದಿಂದ ಹೊರಟರು. ಮೊದಲ ಕನ್ನಡ ಸಂಘಗಳನ್ನು ಕಟ್ಟಿಕೊಂಡವರಲ್ಲಿ ಅವರೂ ಇದ್ದರು. 1990ರ ಕಾಯಿದೆ ಎಚ್-1ಬಿ ಎಂಬ ಕೆಲಸದ ವೀಸಾಕ್ಕೆ ಎಲ್ಲ ದೇಶಗಳಿಗೂ ಸೇರಿ ವರ್ಷಕ್ಕೆ 65,000ದ ಮಿತಿ ಇಟ್ಟಿತು. ಅದರಲ್ಲಿ ಕಂಪ್ಯೂಟರ್ ಕೆಲಸಗಾರರ ದೊಡ್ಡ ಪಾಲು ಭಾರತದಿಂದ ಹೋಗತೊಡಗಿತು. ಅಮೆರಿಕದ ಮಗು ಈಗ ಭಾರತೀಯನನ್ನು ಸರ್ಕಸ್ಸಿನಲ್ಲಿ ಕಾಣುವ ಬದಲು ಪಕ್ಕದ ಮನೆಯಲ್ಲಿ, ತರಗತಿಯ ಮುಂದಿನ ಬೆಂಚಿನಲ್ಲಿ ಕಾಣುತ್ತಿತ್ತು.

ಇದು ಹಾಜಿಯೊಬ್ಬನ ವಿಷಯವಲ್ಲ. 'ದಿ ಸಿಂಪ್ಸನ್ಸ್' ಎಂಬ ಪ್ರಖ್ಯಾತ ಕಾರ್ಟೂನಿನಲ್ಲಿ ಅಪು ಎಂಬ ಅಂಗಡಿಕಾರ 1990ರಿಂದ ಇದ್ದ. ಅವನು ಅಮೆರಿಕಕ್ಕೆ ಬಂದದ್ದೇ ಕಂಪ್ಯೂಟರ್ ವಿಜ್ಞಾನದಲ್ಲಿ ಡಾಕ್ಟರೇಟ್ ಮಾಡಲು ಎಂಬುದನ್ನು ವಿವರವಾಗಿ ಹೇಳಿದ ಕಂತು ಪ್ರಸಾರವಾದದ್ದು 1996ರ ಮೇ ತಿಂಗಳಲ್ಲಿ. ಹೊಸ ಹಾಜಿಯ ಆಗಮನಕ್ಕೆ ನಾಲ್ಕು ತಿಂಗಳು ಕೂಡ ಉಳಿದಿರಲಿಲ್ಲ. ಒಂದೇ ವರ್ಷ, ಎರಡು ಕಾರ್ಟೂನು, ಇಬ್ಬರು ಭಾರತೀಯರು, ಇಬ್ಬರಿಗೂ ಕಂಪ್ಯೂಟರು.

ಬೆಂಗಳೂರಿನ ನಿಜವಾದ ರಾಜಮುದ್ರೆ

ಇನ್ನೊಂದು ಕೆಲಸ ಬೆಂಗಳೂರಿನಲ್ಲಿ ನಡೆದಿತ್ತು. ಅದಕ್ಕೆ ತೆಗೆದುಕೊಂಡ ಕಾಲ ಒಂದು ಕಂತಿನದಲ್ಲ, ಮುಕ್ಕಾಲು ಶತಮಾನದ್ದು. ಜೆಮ್‌ಶೆಡ್‌ಜಿ ಟಾಟಾ ಅವರ ಕನಸಿಗೆ ಮೈಸೂರು ಸಂಸ್ಥಾನ ಭೂಮಿ ಕೊಟ್ಟು 1909ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹುಟ್ಟಿತು. 1917ರಲ್ಲಿ ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ಎಂಜಿನಿಯರಿಂಗ್ ಕಾಲೇಜು ಬಂತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಯಂತ್ರಗಳ ಐಟಿಐ, 1954ರಲ್ಲಿ ಜಾಲಹಳ್ಳಿಯ ಬಿಇಎಲ್. 1976ರಲ್ಲಿ ರಾಜ್ಯ ಸರ್ಕಾರ ಕಿಯೋನಿಕ್ಸ್ ಸ್ಥಾಪಿಸಿತು. ಅದರ ಆರ್.ಕೆ. ಬಾಳಿಗರು ಹೊಸೂರು ರಸ್ತೆಯ ಬಯಲಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡರು. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು. ಇಷ್ಟೆಲ್ಲ ಆದ ಮೇಲೆ ಬೆಂಗಳೂರು ಎಂಬ ಹೆಸರು ದೂರದ ಚಿತ್ರಕಥೆಯೊಂದರಲ್ಲಿ ಕಾಣಿಸಿಕೊಂಡರೆ ಆಶ್ಚರ್ಯವೇನಿದೆ?

ಈ ಸಂದರ್ಭದಲ್ಲಿ ಒಂದು ಛಾಯಾಚಿತ್ರ ನೆನಪಾಗುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ಇಸ್ರೊದ 'ಆಪಲ್' ಉಪಗ್ರಹವನ್ನು ಎತ್ತಿನ ಗಾಡಿಯ ಮೇಲೆ ಇಟ್ಟ ಚಿತ್ರ ಅದು. ಬಡ ದೇಶದ ವಿಚಿತ್ರವೆಂಬಂತೆ ಲೋಕವೆಲ್ಲ ಅದನ್ನು ನೋಡಿತು. ವಿಷಯ ಬೇರೆಯೇ ಇತ್ತು. ಉಪಗ್ರಹದ ಆಂಟೆನಾ ಪರೀಕ್ಷೆಗೆ ಸುತ್ತ ಲೋಹದ ಅಡ್ಡಿ ಇರಬಾರದು. ಲಾರಿಯಾದರೆ ಮೈಯೆಲ್ಲ ಕಬ್ಬಿಣ. ಮರದ ಗಾಡಿಯೇ ಆ ಕೆಲಸಕ್ಕೆ ತಕ್ಕ ಸಾಧನವೆಂದು ವಿಜ್ಞಾನಿಗಳು ಲೆಕ್ಕ ಹಾಕಿ ತಂದಿದ್ದರು. ಹೊರಗಿನ ಕಣ್ಣಿಗೆ ಹಳೆಯ ಭಾರತ ಕಂಡ ಜಾಗದಲ್ಲಿ ಒಳಗೆ ನಡೆಯುತ್ತಿದ್ದುದು ಭೌತಶಾಸ್ತ್ರ.

ಹಾಜಿಯ ಚಿತ್ರದಲ್ಲಿ ಕಾಣೆಯಾದದ್ದೂ ಇದೇ. 1996ರಲ್ಲಿ ಹುಡುಗನ ಕೈಗೆ ಕಂಪ್ಯೂಟರು ಬಂತು ನಿಜ. ಆದರೆ ಅವನು ಅದನ್ನು ಎಲ್ಲಿ ಕಲಿತ, ಯಾರು ಕಲಿಸಿದರು, ಎಷ್ಟು ಸಲ ತಪ್ಪಿದ ಎಂಬುದರಲ್ಲಿ ಕಥೆಗೆ ಆಸಕ್ತಿ ಕಡಿಮೆ. ಅವನ ಜಾಣತನ ಯೋಗದಂತೆ, ಮಂತ್ರದಂತೆ ಅವನ ಮೈಗೆ ಅಂಟಿಬಂದದ್ದು. ಅವನ ಹಿರಿಮೆಗೆ ಕೊನೆಯ ಮುದ್ರೆ ಒತ್ತುವುದು ರಾಜರಕ್ತ. ಬೀದಿಯ ಹುಡುಗ ಬುದ್ಧಿವಂತನಾಗಿದ್ದು ಸಾಲದೆ ಅವನು ಸುಲ್ತಾನನ ಮಗನೂ ಆಗಬೇಕಾಯಿತು. ಆನೆ, ಹಾವು, ಕಂಪ್ಯೂಟರು ಹೀಗೆ ಕೈಯಲ್ಲಿನ ವಸ್ತು ಬದಲಾದರೂ ಅದರ ಹಿಂದಿನ ನಂಬಿಕೆ ಬದಲಾಗಲಿಲ್ಲ. ಪೂರ್ವದವನ ವಿದ್ಯೆ ಹುಟ್ಟಿನಿಂದ ಬರುತ್ತದೆ, ಪರಿಶ್ರಮದಿಂದಲ್ಲ ಎಂಬ ನಂಬಿಕೆ.

ನಮ್ಮವರು ಬರೆದ ಚಿತ್ರ

ಹಾಗಾದರೆ ನಮ್ಮ ಮಕ್ಕಳ ಚಿತ್ರವನ್ನು ನಾವೇ ಏಕೆ ಬರೆಯಲಿಲ್ಲ? ಬರೆಯದೇನೂ ಇಲ್ಲ. ಪ್ರಾಣ್ ಅವರು 1971ರಲ್ಲಿ ಸೃಷ್ಟಿಸಿದ ಚಾಚಾ ಚೌಧರಿಗೂ ಕೆಂಪು ರುಮಾಲಿದೆ. ಅವರ ಮೆದುಳು ಕಂಪ್ಯೂಟರಿಗಿಂತ ಚುರುಕು ಎಂದು ಇಡೀ ಉತ್ತರ ಭಾರತದ ಮಕ್ಕಳಿಗೆ ಬಾಯಿಪಾಠ. ನಮ್ಮ ಕಥೆಯಲ್ಲಿ ಬುದ್ಧಿಗೆ ಮೀಸೆಯ ಮುದುಕ, ಯಂತ್ರಕ್ಕಿಂತ ಅನುಭವ ಮೇಲು. ಇನ್ನು ಅಮರ ಚಿತ್ರ ಕಥೆಯನ್ನು 1967ರಿಂದ ಮನೆಮಾತಾಗಿಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಆ ಮಾಲಿಕೆಯ ಮೊದಲ ಪುಸ್ತಕಗಳು ಹೊರಬಂದದ್ದು ಬೆಂಗಳೂರಿನಲ್ಲಿ, ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ, 1965ರಲ್ಲಿ, ಕನ್ನಡದಲ್ಲಿ. ಅವೂ ಸಿಂಡ್ರೆಲಾಳಂಥ ಪಶ್ಚಿಮದ ಕಥೆಗಳೇ. ಆ ಮೇಲೆ ರಾಮ, ಕೃಷ್ಣ, ರಾಣಿ, ವೀರರು ಬಂದರು. ಪುರಾಣದ ಬಾಲಕರು ಬೇಕಾದಷ್ಟು ಸಿಕ್ಕರು. ಗಣಿತದ ಲೆಕ್ಕ ಬಿಡಿಸುವ, ರೇಡಿಯೊ ಬಿಚ್ಚಿ ಜೋಡಿಸುವ ಈ ಕಾಲದ ಹುಡುಗ ಹುಡುಗಿಯರು ಆ ಪುಟಗಳಲ್ಲಿ ವಿರಳ.

ಮಕ್ಕಳಿಗೆಂದೇ ಕನ್ನಡದಲ್ಲಿ ಚಿಂಟು ಟಿ.ವಿ. ಬಂದದ್ದು 2009ರಲ್ಲಿ. ಅಷ್ಟರಲ್ಲಿ ಪಾರ್ವತಿನಗರದ ಆ ಮಕ್ಕಳು ಮೀಸೆ ಹೊತ್ತಿದ್ದರು. ಕಂಪ್ಯೂಟರಿಗೆ ಕನ್ನಡ ಕಲಿಸಿದವರಿದ್ದಾರೆ. ಸುಲಭದ ಕನ್ನಡ ಕೀಲಿಮಣೆ ವಿನ್ಯಾಸ ಮಾಡಿದ ಕೆ.ಪಿ. ರಾವ್, 1998ರಲ್ಲಿ 'ಬರಹ' ತಂತ್ರಾಂಶವನ್ನು ರೂಪಿಸಿದ ಶೇಷಾದ್ರಿವಾಸು ಅಂಥವರು. ಸಾಹಸಕ್ಕೆ ಅಲ್ಲೇನೂ ಕೊರತೆ ಇರಲಿಲ್ಲ. ಅಂಥವರ ಕಥೆಯನ್ನು ಮಕ್ಕಳ ಕಾರ್ಟೂನು ಮಾಡಬಹುದೆಂದು ನಮಗೆ ಹೊಳೆಯಲಿಲ್ಲ.

ಬಳ್ಳಾರಿಯವರಾದರೂ ಇದನ್ನು ಬೇಗ ಅರ್ಥ ಮಾಡಿಕೊಳ್ಳಬೇಕು. ಬೆಳಕಿನ ಮುಂದೆ ಚಿತ್ರವನ್ನು ಕುಣಿಸಿ ಕಥೆ ಹೇಳುವ ಕಲೆ ಆ ಸೀಮೆಗೆ ಹೊಸದಲ್ಲ. ತೊಗಲುಗೊಂಬೆ ಆಟದ ಮುಖ್ಯ ನೆಲೆಗಳಲ್ಲಿ ಬಳ್ಳಾರಿಯೂ ಒಂದು. ಹದ ಮಾಡಿದ ತೊಗಲಿಗೆ ಬಣ್ಣ ಕಟ್ಟಿ, ಬಿಳಿ ಪರದೆಯ ಹಿಂದೆ ದೀಪ ಇಟ್ಟು, ಕಿಳ್ಳೇಕ್ಯಾತ ಕಲಾವಿದರು ರಾತ್ರಿಯಿಡೀ ರಾಮಾಯಣ ಆಡಿಸುತ್ತಿದ್ದರು. ಆ ಗೊಂಬೆಗಳಲ್ಲಿ ಒಂದು ಕ್ರಮವಿದೆ. ದೇವರು, ರಾಜರ ಗೊಂಬೆ ದೊಡ್ಡದು, ಆಳುಕಾಳುಗಳದ್ದು ಚಿಕ್ಕದು. ಪರದೆಯ ಮೇಲೆ ಯಾರು ಎಷ್ಟು ದೊಡ್ಡವರಾಗಿ ಕಾಣಬೇಕು ಎಂಬುದು ಗೊಂಬೆ ಕೊರೆಯುವವನ ಕೈಯಲ್ಲಿದೆ. ಎಲ್ಲ ಪಾತ್ರಗಳ ದನಿಯೂ ಪರದೆಯ ಹಿಂದಿನವರದೇ.

ಹಾಜಿಗೂ ಹಾಗೆಯೇ. 1964ರಲ್ಲಿ ಅವನ ದನಿ ಡ್ಯಾನಿ ಬ್ರಾವೊ ಎಂಬ ಅಮೆರಿಕನ್ ಹುಡುಗನದು. 1996ರಲ್ಲಿ ಮೊದಲು ಮೈಕೆಲ್ ಬೆನ್ಯಾರ್, ಬಳಿಕ ರಾಬ್ ಪಾಲ್ಸನ್. ಬೆಂಗಳೂರಿನ ಸುಲ್ತಾನನ ಬಾಯಲ್ಲಿ ಬೆಂಗಳೂರಿನವರು ಮಾತಾಡಲಿಲ್ಲ. 2007ರಲ್ಲಿ ಶುರುವಾದ 'ಫಿನಿಯಸ್ ಅಂಡ್ ಫರ್ಬ್' ಕಾರ್ಟೂನಿನ ಬಲ್ಜೀತ್ ಎಂಬ ಲೆಕ್ಕದ ಜಾಣನಿಗೆ ದನಿ ಕೊಟ್ಟವರು ಮಾತ್ರ ಭಾರತೀಯ ಮೂಲದ ಮೌಲಿಕ್ ಪಂಚೋಲಿ. ಅಪುವಿಗೆ ದನಿ ನೀಡುತ್ತಿದ್ದ ಬಿಳಿಯ ನಟ ಹ್ಯಾಂಕ್ ಅಜಾರಿಯಾ 2020ರಲ್ಲಿ ಆ ಪಾತ್ರದಿಂದ ಹಿಂದೆ ಸರಿದರು. ಪರದೆಯ ಹಿಂದೆ ಯಾರಿದ್ದಾರೆಂದು ಅಲ್ಲಿಯ ಭಾರತೀಯ ಮಕ್ಕಳೇ ಬೆಳೆದು ಕೇಳತೊಡಗಿದ್ದರು.

ಬಳ್ಳಾರಿಯಲ್ಲಿ ಅದನ್ನು ಮಾಡಿ ತೋರಿಸಿದವರು ಬೆಳಗಲ್ಲು ವೀರಣ್ಣ. ರಂಗನಟರಾಗಿದ್ದ ಅವರು ತೊಗಲುಗೊಂಬೆಯನ್ನು ಕೈಗೆತ್ತಿಕೊಂಡು ರಾಮಾಯಣದ ಪರದೆಯ ಮೇಲೆ ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತಂದರು. ಹಳೆಯ ತೊಗಲಿನಲ್ಲಿ ಹೊಸ ಮನುಷ್ಯರನ್ನು ಕೊರೆಯಬಹುದೆಂದು ಅವರಿಗೆ ಗೊತ್ತಿತ್ತು. 2023ರಲ್ಲಿ ಅವರು ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಕೊನೆಯದಾಗಿ ನನ್ನ ಸೋದರಳಿಯನ ಮಾತು. ಹಾಜಿಯನ್ನು ನೋಡಿ ಕಂಪ್ಯೂಟರು ಕಲಿಯುವ ಹುಚ್ಚು ಅವನಿಗೆ ಹಿಡಿದದ್ದು ನಿಜ. ಚಿತ್ರದ ತಪ್ಪುಗಳೇನೇ ಇರಲಿ, ಆ ಉಪಕಾರವನ್ನು ಮರೆಯಬಾರದು. ಮನೆಯಲ್ಲಿ ಕಂಪ್ಯೂಟರು ಇರಲಿಲ್ಲ. ಟೈಪಿಂಗ್ ಕಲಿಸುತ್ತಿದ್ದ ಅಂಗಡಿಯೊಂದು ಎರಡು ಕಂಪ್ಯೂಟರು ತಂದಿಟ್ಟು ತಾಸಿಗಿಷ್ಟೆಂದು ಬಾಡಿಗೆಗೆ ಕೊಡುತ್ತಿತ್ತು. ತಾಸು ಮುಗಿಯುವ ಮೊದಲೇ ಕರೆಂಟು ಹೋದರೆ ಅಷ್ಟೂ ಬರೆದದ್ದು ಮಾಯ. ಮತ್ತೆ ಮೊದಲಿಂದ. 1980ರಲ್ಲೇ ಬಳ್ಳಾರಿಗೆ ಎಂಜಿನಿಯರಿಂಗ್ ಕಾಲೇಜು ಬಂದಿದ್ದರಿಂದ ಓದಲು ಊರು ಬಿಡುವ ಪ್ರಸಂಗ ಬರಲಿಲ್ಲ. ಮೊದಲ ವರ್ಷದ ಫೀಜಿಗೆ ನನ್ನ ತಂಗಿ ಕೈಬಳೆ ಅಡ ಇಟ್ಟಳು. ಅವನು ಎರಡು ವಿಷಯದಲ್ಲಿ ಫೇಲಾಗಿ, ಮತ್ತೆ ಕಟ್ಟಿ ಪಾಸಾದ. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಬಳೆ ಬಿಡಿಸಿ ತಂದುಕೊಟ್ಟದ್ದು ಅವನ ಮೊದಲ ಸಂಬಳದಲ್ಲೇ.

ಮೊನ್ನೆ ಊರಿಗೆ ಬಂದಾಗ ಅದೇ ನಡುಮನೆಯಲ್ಲಿ ಅವನ ಮಗಳು ಫೋನಿನಲ್ಲಿ ಯಾವುದೋ ಕಾರ್ಟೂನು ನೋಡುತ್ತಿದ್ದಳು. ಹಳೆಯ ಪ್ರಶ್ನೆಯನ್ನು ನೆನಪಿಸಿದೆ. ನಕ್ಕು ಹೇಳಿದ: "ಬೆಂಗಳೂರಾಗ ಸುಲ್ತಾನರು ಯಾರೂ ಇರ್ಲಿಲ್ಲ ಮಾಮಾ. ನಾನು ಹೋಗಿ ನೋಡೀನಿ. ಎಲ್ಲಾರೂ ಬಸ್ಸಿಗೆ ಕಾಯ್ತಿರ್ತಾರ."